ಸೇಬಿನ ಹಾರವನ್ನು ಕಾಯಿಸಿದ ಹಾಡು

ಹೆಗ್ಗನಹಳ್ಳಿ, ಬೆಂಗಳೂರು
೨೧ ಡಿಸೆಂಬರ್ ೨೦೨೫

ಸೌಭಾಗ್ಯವತಿ ದಾನಮ್ಮನಿಗೆ,

ನಿನ್ನ ಅಕ್ಕಯ್ಯಮ್ಮನ ಆಶೀರ್ವಾದ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಕುಷ್ಟಗಿಯಲ್ಲಿ ನೀನು, ನಿನ್ನ ಗಂಡ ಶಿವಯೋಗಿ ಇಬ್ಬರೂ ಕ್ಷೇಮ ಅಂದುಕೊಂಡಿದ್ದೇನೆ. ದಸರಾ ಮುಗಿದ ವಾರವೇ ನಿನ್ನ ಕಾಗದ ಬಂತು, ಉತ್ತರ ಇವತ್ತು ಬರೆಯುತ್ತಿದ್ದೇನೆ. ಬೈಯಬೇಡ. ಗಂಟಲಿನ ಆಪರೇಷನ್ ಆಗಿ ನಿನ್ನ ದನಿ ಹೋದ ಮೇಲೆ ಫೋನಿನಲ್ಲಿ ನಾನೊಬ್ಬಳೇ ವಟಗುಟ್ಟಲು ಮನಸ್ಸು ಒಪ್ಪುವುದಿಲ್ಲ. ಕಾಗದವಾದರೆ ನೀನೂ ನಾನೂ ಸರಿಸಮ.

"ನನ್ನ ದನಿ ಹೋತು, ಅದರ ಜತೀಗೆ ಮಗಳು ಲಕ್ಷ್ಮಿ ಹಾಡೂ ಹೋತು ಅಕ್ಕಾರ. ದಸರಾ ರಜಾಕ್ಕ ಬಂದ್ರೂ ತುಟಿ ಬಿಚ್ಚಲಿಲ್ಲ" ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹನ್ನೆರಡು ವರ್ಷ ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ನೀನು ರೊಟ್ಟಿ ಬಡಿಯುತ್ತಾ ಹಾಡು ಶುರು ಮಾಡಿದರೆ ನಾನು ಕೆಳಗೆ ಟಿವಿ ಸೌಂಡು ಕಡಿಮೆ ಮಾಡುತ್ತಿದ್ದೆ. ಲಕ್ಷ್ಮಿ ಕಾಲೇಜಿಗೆಂದು ಈಗ ನನ್ನ ಮನೆಯಲ್ಲೇ ಇದ್ದಾಳೆ ನಿಜ, ಆದರೆ ನಾನೂ ಅವಳ ಹಾಡು ಕೇಳಿ ವರ್ಷವಾಗಿತ್ತು. ಅವಳಲ್ಲಿ ಹಾಡು ಉಳಿದಿದೆಯೋ ಇಲ್ಲವೋ ತಿಳಿಯದೆ ನಿನಗೆ ಸುಳ್ಳು ಸಮಾಧಾನ ಬರೆಯುವುದು ಹೇಗೆ? ಅದಕ್ಕೇ ಕಾದೆ. ಈಗ ಉತ್ತರ ಸಿಕ್ಕಿದೆ, ಹೇಳುತ್ತೇನೆ. ಆದರೆ ಪದ್ಧತಿಯ ಪ್ರಕಾರ ಹೇಳುತ್ತೇನೆ. ಪ್ರತಿ ಡಿಸೆಂಬರಿನಲ್ಲಿ ಮೆಟ್ಟಿಲ ಮೇಲೆ ಕೂತು, ಆ ವರ್ಷ ಕೇಳಿದ ಕಚೇರಿ, ಆರ್ಕೆಸ್ಟ್ರಾಗಳಿಗೆಲ್ಲ ನಂಬರ್ ಕೊಡುತ್ತಿದ್ದೆವಲ್ಲ, ನೀನು ಊರಿಗೆ ಹೋದೆ ಅಂತ ಅದನ್ನು ಬಿಡುವವಳಲ್ಲ ನಾನು.

ಮೊದಲು ಫೇಲಾದದ್ದು. ಮೊಮ್ಮಗ ದರ್ಶನ್ ಟಿಕೆಟ್ ತೆಗೆದು ಯಾವುದೋ ದೊಡ್ಡ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಮುಂದಿದ್ದವರೆಲ್ಲ ಫೋನ್ ಎತ್ತಿ ಹಿಡಿದು ನಿಂತಿದ್ದರು. ಹಾಡುವವನ ಮುಖವನ್ನು ನಾನು ನೋಡಿದ್ದು ಎದುರಿಗಿದ್ದ ಹುಡುಗನ ಫೋನಿನಲ್ಲಿ. "ಹೆಂಗಿತ್ತು ಅಜ್ಜಿ?" ಅಂದ. "ಚೆನ್ನಾಗಿತ್ತು ಕಣೋ. ಆ ಹುಡುಗನ ಫೋನು ಯಾವ ಕಂಪನೀದು?" ಅಂದೆ. ಮೂತಿ ಊದಿಸಿಕೊಂಡ.

ಮೂರನೇ ನಂಬರು ರಾಜಾಜಿನಗರದ ರಾಮನವಮಿ ಪೆಂಡಾಲಿನ ಕಚೇರಿಗೆ. ಎರಡನೇ ಕೀರ್ತನೆಗೇ ಕರೆಂಟ್ ಹೋಯಿತು. ವಯಸ್ಸಾದ ವಿದ್ವಾಂಸರು, ಆದರೂ ಹಾಡು ನಿಲ್ಲಿಸಲಿಲ್ಲ. ನಾವೇ ಕುರ್ಚಿ ಎಳೆದುಕೊಂಡು ವೇದಿಕೆಯ ಬುಡಕ್ಕೆ ಹೋಗಿ ಕೂತೆವು. ಕರೆಂಟ್ ವಾಪಸ್ ಬಂದಾಗ ಸುತ್ತ ಕೂತಿದ್ದವರೆಲ್ಲ ಬೇಜಾರು ಮಾಡಿಕೊಂಡರು.

ಎರಡನೆಯದು ಕೆಂಗೇರಿಯಲ್ಲಿ, ನಮ್ಮ ಕಡೆಯವರ ರಿಸೆಪ್ಷನ್ನಿನಲ್ಲಿ. ನಾಗಸ್ವರದವರು ಪಾಪ ಊದುತ್ತಲೇ ಇದ್ದಾರೆ, ಜನವೆಲ್ಲ ಊಟದ ಹಾಲಿನ ಬಾಗಿಲಲ್ಲಿ. ನಾನೊಬ್ಬಳು ಅವರ ಎದುರು ಕುರ್ಚಿ ಹಾಕಿಕೊಂಡು ಕೂತೆ. ಅವರು ನೋಡಿದರು, ತೊಡೆಯ ಮೇಲೆ ನಾನು ಹಾಕುತ್ತಿದ್ದ ತಾಳವನ್ನೂ ನೋಡಿದರು. ಆಮೇಲೆ ಊದಿದರು ನೋಡು! ಸಿನಿಮಾ ಹಾಡು ಬಿಟ್ಟು, ನನಗೊಬ್ಬಳಿಗೇ ಅಂತ ತೋಡಿ ರಾಗವನ್ನು ಬಿಡಿಸಿಬಿಡಿಸಿ ನುಡಿಸಿದರು. ನಮ್ಮ ಯಜಮಾನರು ಮೂರು ಸಲ ಬಂದು ಕರೆದರು. ಕಡೆಗೆ ಹೋಳಿಗೆ ಖಾಲಿಯಾಗಿತ್ತು. ಮನೆ ಮುಟ್ಟುವವರೆಗೂ ಅವರು ಮಾತಾಡಲಿಲ್ಲ, ನನಗೂ ಅದೇ ಬೇಕಾಗಿತ್ತು.

ಈಗ ಮೊದಲನೇ ನಂಬರು. ಇದನ್ನು ಕೂತುಕೊಂಡು ಓದು.

ಹೋದ ವಾರ ನಮ್ಮ ಹಿಂದಿನ ರಸ್ತೆಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಡಿಸೆಂಬರಿನಲ್ಲಿ ಎಂಥ ರಾಜ್ಯೋತ್ಸವ ಅನ್ನಬೇಡ, ನಮ್ಮ ಏರಿಯಾ ನಿನಗೆ ಗೊತ್ತು. ನಾನು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದೆ. ಕನ್ನಡ ಸಂಘದ ಮೋಹನ್ ಕುಮಾರ್ ಮೈಕಿನಲ್ಲಿ, "ಈಗ ನಮ್ಮ ಏರಿಯಾದ ಪ್ರತಿಭೆ, ಕುಮಾರಿ ಲಕ್ಷ್ಮಿ" ಅಂದ. ಯಾವ ಲಕ್ಷ್ಮಿಯೋ ಅಂದುಕೊಂಡೆ. ನೋಡಿದರೆ ನಮ್ಮವಳೇ! ತಾನೇ ಹೋಗಿ ಹೆಸರು ಕೊಟ್ಟು ಬಂದಿದ್ದಾಳೆ, ನನಗೊಂದು ಮಾತು ಹೇಳದೆ.

ಕೀಬೋರ್ಡಿನ ಹುಡುಗ ಯಾವ ಹಾಡು ಅಂತ ಕೇಳಿದ. "ನಿಮಗೆ ಬರಲ್ಲ ಅಣ್ಣ, ನೀವು ಸುಮ್ನೆ ಇರಿ" ಅಂದುಬಿಟ್ಟಳು. ಆಮೇಲೆ ಹಾಡಿದಳು. ಯಾವುದು ಅಂತೀಯ? ನಿನ್ನವ್ವ ದುರ್ಗವ್ವ ಬೀಸುವಾಗ ಹಾಡುತ್ತಿದ್ದದ್ದು, ನೀನು ರೊಟ್ಟಿ ಬಡಿಯುವಾಗ ಹಾಡುತ್ತಿದ್ದದ್ದು, ಹೊಸ ಸೊಸೆ ಗಂಡನ ಮನೆಯ ಬಾವಿ ನೀರಿನ ರುಚಿ ನೋಡುವ ಆ ಹಾಡು. ಎರಡನೇ ನುಡಿಗೆ ಢೋಲಕ್ಕಿನವನು ತಾನಾಗಿ ಸೇರಿಕೊಂಡ. ಪಾನಿಪುರಿ ಗಾಡಿಯ ಮುಂದಿದ್ದವರೂ ತಿರುಗಿ ನಿಂತರು. ನನಗೆ ಕಣ್ಣು ತುಂಬಿ ಸ್ಟೇಜೇ ಕಾಣಿಸದಾಯಿತು.

ಅಷ್ಟರಲ್ಲಿ ಪಟಾಕಿ ಸದ್ದು, ಜೈಕಾರ. ಮುಖಂಡರು ಬಂದರು! ನಮ್ಮ ಬೀದಿಯ ದೊಡ್ಡಹನುಮಯ್ಯನ ಮಗ, ನನ್ನ ಕಣ್ಣೆದುರೇ ಬೆಳೆದವನು, ಈಗ ದೊಡ್ಡ ಮನುಷ್ಯ. ಕ್ರೇನಿನಲ್ಲಿ ಸೇಬಿನ ಹಾರ ತೂಗುತ್ತಿದೆ. ಮೋಹನ್ ಕುಮಾರ್ ಓಡಿಹೋಗಿ ಲಕ್ಷ್ಮಿಯ ಕೈಯಿಂದ ಮೈಕ್ ಕಿತ್ತುಕೊಳ್ಳಲು ನೋಡಿದ. ಅವಳು ಕೊಡಲಿಲ್ಲ ದಾನಮ್ಮ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಹಾಡುತ್ತಲೇ ಇದ್ದಳು. ನನಗೆ ರೇಗಿಹೋಯಿತು. ಎದ್ದು ಹೋಗಿ, ಹತ್ತಲು ಬಂದ ಮುಖಂಡನಿಗೆ ಸ್ಟೇಜಿನ ಮೆಟ್ಟಿಲಲ್ಲೇ ಅಡ್ಡ ನಿಂತೆ.

"ಏನಪ್ಪಾ, ಮಗು ಹಾಡ್ತಾ ಇರೋದು ಕಾಣಲ್ವಾ? ಮುಗೀಲಿ, ಕೂತ್ಕೋ" ಅಂದೆ.

"ಅತ್ತೆ, ಇನ್ನೂ ಎರಡು ಕಡೆ ಪ್ರೋಗ್ರಾಂ ಐತೆ" ಅಂದ.

"ಹಂಗಾದ್ರೆ ಹೊರಡು. ಸೇಬು ನಾವು ಹಂಚ್ಕೊಂಡು ತಿಂತೀವಿ."

ಜನ ಹೋ ಅಂತ ನಕ್ಕರು. ಅವನಿಗೂ ನಗು ಬಂತು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಹಾರ ಕ್ರೇನಿನಲ್ಲಿ ನೇತಾಡುತ್ತಲೇ ಇತ್ತು, ನಿನ್ನ ಮಗಳು ಐದು ನುಡಿಯನ್ನೂ ಒಂದಕ್ಷರ ಬಿಡದೆ ಹಾಡಿ ಮುಗಿಸಿದಳು. ಆ ಶಿಳ್ಳೆ, ಆ ಚಪ್ಪಾಳೆ! "ಒನ್ಸ್ ಮೋರ್" ಅಂತ ಮೊದಲು ಕೂಗಿದ್ದು ಯಾರು ಗೊತ್ತಾ? ಅವನೇ, ಮುಖಂಡ. ಇನ್ನೊಂದು ಸಲ ಹಾಡಿಸಿದ ಮೇಲೇ ಹಾರಕ್ಕೆ ಕತ್ತು ಕೊಟ್ಟ. ಮಾರನೆಯ ದಿನ ಹಾಲಿನ ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಹಾಡಿದ ಹುಡುಗಿಯ ಅಜ್ಜಿ ಅಂದರು. ನಾನು ತಿದ್ದಲಿಲ್ಲ.

ಹಾಡು ಎಲ್ಲಿಗೂ ಹೋಗಿಲ್ಲ ಕಣೇ. ಇದು ನಿನ್ನ ಕಾಗದಕ್ಕೆ ನನ್ನ ಉತ್ತರ.

ಶಿವಯೋಗಿಗೆ ಆಶೀರ್ವಾದ ತಿಳಿಸು. ಮಾತ್ರೆ ತಪ್ಪಿಸಬೇಡ, ತಂಪಾದದ್ದು ತಿನ್ನಬೇಡ. ಆ ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ಇಂತಿ ನಿನ್ನ ಅಕ್ಕ,
ಅಕ್ಕಯ್ಯಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಇಟ್ಟುಕೊಂಡಿದ್ದೆ. ಸ್ಟೇಜಿನಿಂದ ಇಳಿದವಳು ನನ್ನ ತಬ್ಬಿಕೊಂಡು ಹೇಳಿದ ಮೊದಲ ಮಾತು, "ದೊಡ್ಡಮ್ಮ, ಅವ್ವಗ ಹೇಳಬ್ಯಾಡ್ರಿ." ಆಪರೇಷನ್ ಆಗಿ ನೀನು ಮನೆಗೆ ಬಂದ ವಾರ ಅವಳು ಪಾತ್ರೆ ತೊಳೆಯುತ್ತಾ ಗುನುಗಿದಳಂತೆ. ನೀನು ಗಂಟಲಿನ ಮೇಲೆ ಕೈಯಿಟ್ಟುಕೊಂಡು ಎದ್ದು ಹೊರಗೆ ಹೋದೆಯಂತೆ. ಅವತ್ತಿನಿಂದ ಮಗು ನಿನ್ನೆದುರು ಬಾಯಿ ಬಿಟ್ಟಿಲ್ಲ. ಇಲ್ಲಿಯೂ ನೀರಿನ ಮೋಟರ್ ಹಾಕಿದಾಗ ಮಾತ್ರ ತಾರಸಿಗೆ ಹೋಗಿ, ಆ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಹಾಡಿಕೊಳ್ಳುತ್ತಿದ್ದಳಂತೆ. ನಾನು ಕೊಟ್ಟ ಮಾತು ಮುರಿಯುತ್ತಿದ್ದೇನೆ, ಪಾಪ ಬಂದರೆ ನನಗೇ ಬರಲಿ. ದರ್ಶನ್ ವಿಡಿಯೋ ಮಾಡಿದ್ದಾನೆ, ಅದನ್ನು ಕಳಿಸುವುದಿಲ್ಲ. ಸಂಕ್ರಾಂತಿಗೆ ಅವಳು ಬರುತ್ತಾಳೆ. ಒಂದು ಚೀಟಿಯಲ್ಲಿ "ಹಾಡು" ಅಂತ ನೀನೇ ಬರೆದು ಅವಳ ಕೈಗೆ ಕೊಡು. ನಿನಗೆ ಅಳು ಬರುತ್ತದೆ, ನನಗೆ ಗೊತ್ತು. ನೀನು ಅತ್ತರೆ ಅವಳು ಹಾಡು ನಿಲ್ಲಿಸಿಬಿಡುತ್ತಾಳೆ. ನಿಲ್ಲಿಸಬೇಡ ಅಂತ ಕೈ ಮಾಡು.