ಸೃಷ್ಟಿಯ ಚಿಗವ್ವನಿಗೆ

ನಾಗರತ್ನಾ ಅವರಿಗೆ,

ಗಜೇಂದ್ರಗಡದಿಂದ ಶಕುಂತಲಾ ಬರೆಯುವುದು. ಕೋರ್ಟಿನವರು ಹೇಳಿದಂತೆ ಬ್ಯಾಸಗಿ ಸೂಟಿಗೆ ಸೃಷ್ಟಿಯನ್ನು ಅವಳ ಅಪ್ಪನ ಹತ್ತಿರ, ನಿಮ್ಮ ಹೊಳೆಆಲೂರಿಗೆ ಕಳಿಸುತ್ತಿದ್ದೇನೆ. ಹೊಳೆಯ ಕಡೆ ಒಬ್ಬಳನ್ನೇ ಬಿಡಬೇಡಿರಿ. ಖಾರ ತಿಂದರೆ ಅವಳಿಗೆ ಹೊಟ್ಟೆ ನೋಯುತ್ತದೆ. ಮಗ್ಗದಲ್ಲಿ ಕೂತರೂ ನನಗೆ ಇದೇ ಚಿಂತೆ, ಎಳೆ ಹರಿದದ್ದೂ ಕಾಣುವುದಿಲ್ಲ.

“ಅಪ್ಪನ ಮನ್ಯಾಗಿನ ಅವರಿಗೆ ಏನಂತ ಕರೀಲಿ ಬೇ?” ಎಂದು ಕೇಳಿದಳು.

“ಚಿಗವ್ವ ಅನ್ನು” ಅಂದೆ.

“ನೀ ಅಳಂಗಿಲ್ಲಲ್ಲ?”

“ಹುಚ್ಚಿ, ನಾ ಯಾಕ ಅಳ್ಲಿ” ಎಂದು ಬೈದೆ.

ಆದರೆ ನಿದ್ದೆಯಲ್ಲಿ ಅಂಜಿದರೆ ಅವಳು ಕೂಗುವುದು “ಅವ್ವಾ” ಎಂದೇ. ಮೈಮೇಲೆ ಕೈಯಿಟ್ಟು ಯಾರಾದರೂ “ಓ” ಅನ್ನದಿದ್ದರೆ ಮತ್ತೆ ಮಲಗುವುದಿಲ್ಲ. ನನ್ನನ್ನು ಕರೆಯುತ್ತಿದ್ದಾಳೆಂದು ನೀವು ಸುಮ್ಮನಿರಬೇಡಿರಿ. ನೀವೇ “ಓ” ಅನ್ನಿರಿ. ಬೆಳಿಗ್ಗೆ ಅವಳಿಗೆ ನೆನಪಿರುವುದಿಲ್ಲ.

ಇಂತಿ,
ಶಕುಂತಲಾ