ನೀಲಿ ತಂತಿ ಯಾವ ಕಾಲಿಗೆ?

ಮುಕ್ಕಾಂ ಕಮತಗಿ
ಫೆಬ್ರವರಿ 31, 2231

ಗುಳೇದಗುಡ್ಡದ ಮೌನೇಶ ಪತ್ತಾರನಿಗೆ, ಮೂರು ಪರದೆ ನಾಟಕ ಕಂಪನಿಯ ಮಾಲಕಿ ಶಾಂಭವಿ ಯಳಮಲಿಯ ನಮಸ್ಕಾರ.

ತಾರೀಖು ನೋಡಿ ನಗಬೇಡ. ತಂಪಿನ ದಿನಗಳು ಸಾಲವೆಂದು ನಮ್ಮವರು ಮಾರ್ಚಿನಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಹೊಲಿದಿದ್ದಾರೆ. ಬಿಸಿಲು ಮಾತ್ರ ಇನ್ನೂ ಆ ಕ್ಯಾಲೆಂಡರ್ ಓದಿಲ್ಲ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೆ ಕ್ಷಮೆ ಇರಲಿ. ಏಕವಚನಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಲೆಕ್ಕಕ್ಕೆ ನೀನು ನನಗಿಂತ ನೂರೆಪ್ಪತ್ತು ವರ್ಷ ಹಿರಿಯ, ನಿಜ. ಆದರೆ ನಿನ್ನ ಕೈಬರಹದ ಸೊಕ್ಕು ನೋಡಿದರೆ ನಿನಗೆ ಮೂವತ್ತು ದಾಟಿರಲಿಕ್ಕಿಲ್ಲ. ನನಗೆ ಅರವತ್ತೊಂದು.

ಈ ಪತ್ರ ಹಿಮ್ಮುಖ ಟಪಾಲಿನಲ್ಲಿ ಬರುತ್ತಿದೆ. ಅದು ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ, ಉತ್ತರ ತರುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನೂ ನನ್ನ ಅವ್ವನಿಗೆಂದೇ ಮೂವತ್ತು ವರ್ಷ ಕಾಯ್ದಿಟ್ಟುಕೊಂಡಿದ್ದೆ. ಈಗ ನಿನಗೆ ಬರೆಯುತ್ತಿದ್ದೇನೆ! ಸಿಟ್ಟು ಬರಬೇಕೋ ಬೇಡವೋ, ನೀನೇ ಹೇಳು.

ವಿಷಯಕ್ಕೆ ಬರುತ್ತೇನೆ. ಮಕ್ಕಳು ಅಂಗೈಯಲ್ಲಿ ಹಿಡಿದು ಆಡುವ ಗೇಮಿನ ಡಬ್ಬಿಯೊಂದನ್ನು 2026ರಲ್ಲಿ ನೀನು ಬಿಚ್ಚಿದ್ದೀಯ. ಅದರೊಳಗೆ ತಂತಿ ಹಾಯಿಸಿ, ಪಕ್ಕಕ್ಕೆ ತೂತು ಕೊರೆದು ತಿರುಗಿಸುವ ಒಂದು ಗುಂಡಿ ಕೂರಿಸಿ, ಅದನ್ನು ಹಾಡುವ ವಾದ್ಯ ಮಾಡಿದ್ದೀಯ. ಆ ಡಬ್ಬಿ ನೂರಾರು ಕೈ ದಾಟಿ ನಮ್ಮ ಕಂಪನಿಗೆ ಬಂದಿದೆ. ಅದರ ನಾಲ್ಕು ದನಿಗಳಿಗೆ ನಮ್ಮ ನಟರು ಹೆಸರಿಟ್ಟಿದ್ದಾರೆ. ಕೀರಲು ದನಿಯ ಎರಡಕ್ಕೆ ಅಕ್ಕ, ತಂಗಿ. ಕೆಳಗೆ ಗೊಣಗುವುದಕ್ಕೆ ಮಾವ. ಬರೀ ಉಸ್ಸೆನ್ನುವ ನಾಲ್ಕನೆಯದಕ್ಕೆ ಉಬ್ಬಸದ ಮುದುಕ. ಮಳೆ, ಗುಡುಗು, ಕತ್ತಿವರಸೆ, ಸಭೆಯ ಚಪ್ಪಾಳೆ, ಎಲ್ಲ ಆ ಮುದುಕನ ಪಾಲು. ನಾಲ್ಕೇ ದನಿಯಲ್ಲಿ ಇಡೀ ರಣರಂಗ ನಿಲ್ಲಿಸುತ್ತೇವೆ. ಭೇಷ್ ಎನ್ನಬೇಕಾದಲ್ಲಿ ಭೇಷ್ ಎಂದಿದ್ದೇನೆ, ಗಮನಿಸು.

ನಮ್ಮ ಆಟ ನಡೆಯುವುದು ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ. ಎಂಟರ ಮೇಲೆ ಬಯಲಲ್ಲಿ ಕೂತರೆ ತಲೆ ಕಾದ ಹಂಚಾಗುತ್ತದೆ. ಜನ ಚಾಪೆ, ನೀರಿನ ಚರಿಗೆ, ಜೋಳದ ಅವಲಕ್ಕಿ ಕಟ್ಟಿಕೊಂಡು ಬರುತ್ತಾರೆ. ಹಾಡು ಕೇಳಲು ಅವರು ನಮ್ಮಲ್ಲಿಗೇ ಬರಬೇಕೆಂದಿಲ್ಲ. ಬೀದಿಗೊಂದು ಕೇಳ್ಗಂಬವಿದೆ. ಅದರ ಮುಂದೆ ನಿಂತು ಬೇಕಾದ್ದನ್ನು ಹೇಳಿದರೆ, ಲೋಕದ ಯಾವ ರಾಗವನ್ನಾದರೂ ಕಂಬವೇ ಕಟ್ಟಿ ಹಾಡುತ್ತದೆ. ಆದರೆ ಕಂಬ ಕಾಯುವುದಿಲ್ಲ, ಮೌನೇಶ. ನಟ ಮಾತು ಮರೆತು ನಿಂತರೆ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ನೀನು ಕೂರಿಸಿದ ಗುಂಡಿ ಕಾಯುತ್ತದೆ! ಅದನ್ನು ಹಿಂದಕ್ಕೆ ತಿರುಗಿಸಿದರೆ ಡಬ್ಬಿಯ ನಾಡಿಯೇ ನಿಧಾನವಾಗಿ, ಅಕ್ಕ ತಂಗಿಯರ ದನಿ ಇಳಿದು, ಹಾಡು ನಟನ ಕಾಲ ಬಳಿ ಕೂತಂತೆ ಕೂರುತ್ತದೆ. ಅವನಿಗೆ ಮಾತು ಹೊಳೆದೊಡನೆ ಮುಂದಕ್ಕೆ ತಿರುಗಿಸುತ್ತೇನೆ, ಹಾಡು ಎದ್ದು ಓಡುತ್ತದೆ. ನಲವತ್ತು ವರ್ಷ ಆ ಗುಂಡಿ ನನ್ನ ಹೆಬ್ಬೆರಳಿನಡಿ ಇದೆ.

ನಮ್ಮ ರಾಜಪಾತ್ರಧಾರಿ ಈರಬಸಜ್ಜನಿಗೆ ಎಪ್ಪತ್ತೆಂಟು. ಕಂಠ ಇನ್ನೂ ನಗಾರಿ, ನೆನಪು ಮಾತ್ರ ಜರಡಿ. ಆತ ಎಲ್ಲಿ ತಡವರಿಸುತ್ತಾನೆಂದು ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಗುಂಡಿ ತಿರುಗಿಸುತ್ತೇನೆ. ಸಭೆ ಅದನ್ನು ರಾಜನ ಗಾಂಭೀರ್ಯವೆಂದು ತಿಳಿಯುತ್ತದೆ. ಹೀಗೆ ಎಂಟು ವರ್ಷದಿಂದ ಇಬ್ಬರೂ ಕೂಡಿ ಆ ಪಾತ್ರ ಮಾಡುತ್ತಿದ್ದೇವೆ.

ಕಳೆದ ವಾರ ದರ್ಬಾರಿನ ದೃಶ್ಯದ ನಡುವೆ ಗುಂಡಿ ಸತ್ತಿತು. ತಿರುಗಿಸಿದೆ, ಹಾಡು ಕಾಯಲಿಲ್ಲ. ಅಜ್ಜ ಬಾಯಿ ತೆರೆದು ನಿಂತ. ಹಾಡು ಮುಗಿದೇಹೋಯಿತು. ಚಾಪೆಯ ಮೇಲಿಂದ ಯಾರೋ ಕೂಗಿದರು: “ಹಾಡು ಹೋತ ಯಜ್ಜಾ, ಮುಂದಿಂದಕ್ಕ ಹತ್ತು!” ಇಡೀ ಬಯಲು ನಕ್ಕಿತು. ಅಜ್ಜ ಒಳಗೆ ಬಂದು ಕಿರೀಟ ಬಿಚ್ಚಿ ನನ್ನ ತೊಡೆಯ ಮೇಲಿಟ್ಟ. “ಶಾಂಭವ್ವಾ, ಸಾಕ್ ಮಾಡೂಣವ. ಇನ್ನ ಆ ಕಂಬಾನ ನಿಲ್ಲಸು, ರಾಜನ ಪಾರ್ಟೂ ಅದ ಮಾಡ್ಲಿ.”

ನಾಡಿದ್ದು ಮತ್ತೆ ಅದೇ ನಾಟಕ. ಗುಂಡಿ ಸರಿಯಾದರೆ ಬಣ್ಣ ಹಚ್ಚುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದಾನೆ. ಅವನಿಲ್ಲದ ಆಟಕ್ಕೆ ನಾನು ಪರದೆ ಎತ್ತುವುದಿಲ್ಲ.

ಹಾಗಾಗಿ ನಿನ್ನ ಡಬ್ಬಿಯ ಮುಚ್ಚಳ ಬಿಚ್ಚಿದೆವು. ಬೆಸುಗೆ ಕೆಲಸ ಬಲ್ಲವಳು ನಮ್ಮಲ್ಲಿ ಒಬ್ಬಳೇ, ಹುಸೇನಬಿ. ದೀಪ ಹಿಡಿದು ನೋಡಿದರೆ, ಅಯ್ಯೋ ಪುಣ್ಯಾತ್ಮ, ಒಳಗೆಲ್ಲ ಕರೀ ಅಂಟು ಸುರಿದಿದ್ದೀಯ! ಗುಂಡಿಯಿಂದ ಹೊರಟ ನೀಲಿ ತಂತಿ ಆ ಅಂಟಿನಲ್ಲಿ ಮುಳುಗಿ ಕಾಣೆಯಾಗಿದೆ. ಹುಸೇನಬಿ ಕಾದ ದಬ್ಬಣದಿಂದ ಎರಡು ದಿನ ಅಂಟು ಕೆರೆದಳು. ಕೆರೆಯುತ್ತ ಹೋದಂತೆ ತಂತಿ ಪೂರ್ತಿ ಕಿತ್ತು ಕೈಗೆ ಬಂತು. ಹೋಗಲಿ, ಅದು ಚಿಪ್ಪಿನ ಯಾವ ಲೋಹದ ಕಾಲಿಗೆ ಅಂಟಿತ್ತೋ ಅಲ್ಲಿ ಬೆಸುಗೆಯ ಗುರುತು ಇರುತ್ತದಲ್ಲ ಎಂದು ಚಿಪ್ ಒರೆಸಿ ನೋಡಿದೆವು. ಇಪ್ಪತ್ತನಾಲ್ಕು ಕಾಲು. ಇಪ್ಪತ್ತನಾಲ್ಕಕ್ಕೂ ಬೆಸುಗೆ! ಇಪ್ಪತ್ಮೂರು ಸುಳ್ಳು, ಒಂದು ನಿಜ. ಚಿಪ್ಪಿನ ಹೆಸರು ತಿಳಿದರೆ ಯಾವ ಕಾಲಿನ ಕೆಲಸ ಏನೆಂದು ಹಳೆಯ ಪುಸ್ತಕದಲ್ಲಿ ನೋಡಬಹುದಿತ್ತು. ಆ ಹೆಸರನ್ನೂ ಮರಳು ಕಾಗದದಿಂದ ಉಜ್ಜಿ ಅಳಿಸಿದ್ದೀಯ. ಮುಚ್ಚಳದ ಒಳಗೆ ಮಾತ್ರ ಚೆಂದದ ಅಕ್ಷರದಲ್ಲಿ ಬರೆದಿದ್ದೀಯ: “ಮೌನೇಶ ಪತ್ತಾರ, ಗುಳೇದಗುಡ್ಡ, 2026. ನಕಲು ಮಾಡಲು ಬಂದವರಿಗೆ ನಮಸ್ಕಾರ.”

ಯಾವ ನಕಲಿನವನಪ್ಪಾ? ಎಲ್ಲಿದ್ದಾನೆ ಅವನು? ಅವನ ಮೊಮ್ಮಕ್ಕಳ ಮೊಮ್ಮಕ್ಕಳೂ ಉಳಿದಿಲ್ಲ! ನೀನು ಯಾರಿಗೆ ಹೆದರಿ ಬಾಗಿಲು ಹಾಕಿದೆಯೋ ಅವನು ಬರಲೇ ಇಲ್ಲ. ಬಾಗಿಲ ಹೊರಗೆ ನಿಂತವರು ನಾವು. ಅಕ್ಕಸಾಲಿಗರ ಮನೆಯವನು, ಒಡವೆಯ ಬೆಸುಗೆ ಮರೆಮಾಡುವ ಕೈಚಳಕ ನಿಮಗೆ ಹುಟ್ಟುಗುಣ ಇರಬಹುದು. ಆದರೆ ಒಡವೆ ಕೊರಳಲ್ಲಿ ಸುಮ್ಮನೆ ಕೂರುತ್ತದೆ. ವಾದ್ಯ ದುಡಿಯುತ್ತದೆ, ಸವೆಯುತ್ತದೆ, ಒಂದಲ್ಲ ಒಂದು ದಿನ ಬೇರೆಯವರು ಅದನ್ನು ಬಿಚ್ಚಲೇಬೇಕಾಗುತ್ತದೆ. ಇಷ್ಟು ಜಾಣನಿಗೆ ಇಷ್ಟು ಹೊಳೆಯಲಿಲ್ಲವೇ?

ಹುಸೇನಬಿ ತಪ್ಪು ಕಾಲಿಗೆ ತಂತಿ ತಾಗಿಸಿದರೆ ಚಿಪ್ ಸುಟ್ಟೇ ಹೋಗಬಹುದು. ಲೋಕದಲ್ಲಿ ಇಂಥದ್ದು ಇನ್ನೊಂದು ಇದೆಯೆಂದು ನಾನು ಕೇಳಿಲ್ಲ. ಮೂರು ಸಲ ಹತ್ತಿರ ಒಯ್ದು ಮೂರು ಸಲ ಕೈ ಹಿಂದೆಗೆದಳು. ನಾನು ಅವಸರ ಮಾಡಿದ್ದಕ್ಕೆ ತಂತಿಯನ್ನು ನನ್ನ ಮುಂದೆ ಚಾಚಿ, “ತಗೋ ಯಕ್ಕಾ, ನೀನ ಹಚ್ಚು. ಸುಟ್ಟರ ನಿನ್ನ ಹೆಸರಿಗೆ ಸುಡ್ಲಿ” ಎಂದಳು. ನಾನು, ರಂಗದ ಮೇಲೆ ಹತ್ತು ರಾಕ್ಷಸರನ್ನು ಬರೀ ಗದ್ದರಿಸಿ ಓಡಿಸಿದವಳು, ಆ ಎರಡು ಗೇಣು ತಂತಿ ಹಿಡಿಯಲಾರದೆ ಹೋದೆ.

ಅದಕ್ಕೇ ನಿನ್ನ ಕಾಲು ಹಿಡಿಯುತ್ತಿದ್ದೇನೆ. ಅಂಟು ಸುರಿಯಬೇಡ ಎನ್ನುವುದಿಲ್ಲ, ಸುರಿ. ಸುಳ್ಳು ಬೆಸುಗೆ ಬೇಕಾದರೆ ಹಚ್ಚು. ನಿನ್ನ ಕಾಲದವರ ಕಾಟ ನಿನಗೇ ಗೊತ್ತು. ಮುಚ್ಚಳದೊಳಗೆ ಆ ನಮಸ್ಕಾರದ ಕೆಳಗೆ ಎರಡು ಬೆರಳು ಜಾಗ ಖಾಲಿ ಇದೆ, ನಾನು ಅಳೆದು ನೋಡಿದ್ದೇನೆ. ಅಲ್ಲಿ ಒಂದು ಸಾಲು ಬರಿ. ನೀಲಿ ತಂತಿ, ಎಡಗಡೆಯಿಂದ ಎಣಿಸಿದರೆ ಎಷ್ಟನೆಯ ಕಾಲು? ಅಷ್ಟೇ. ಮುಂದೆ ನೀನು ಮಾಡುವ ಪ್ರತಿ ಡಬ್ಬಿಯಲ್ಲೂ ಬರಿ, ನಿನ್ನ ಗೆಳೆಯರಿಗೂ ಹೇಳು.

ಅಜ್ಜ ಹೊರಗೆ ಬೇವಿನ ಕೆಳಗೆ ಕೂತಿದ್ದಾನೆ. ಕಿರೀಟ ಇನ್ನೂ ನನ್ನ ಹತ್ತಿರವೇ ಇದೆ. ಹುಸೇನಬಿ ದಬ್ಬಣ ಒರೆಸಿ ಸುತ್ತಿಟ್ಟಳು. ಮುಚ್ಚಳವನ್ನು ನಾನೇ ಮುಚ್ಚಿ, ಮೇಲೆ ನನ್ನ ಸೆರಗು ಹೊದಿಸಿದ್ದೇನೆ. ನಾಡಿದ್ದು ಬಣ್ಣ ಹಚ್ಚುವ ಹೊತ್ತಿಗೆ ತೆರೆದು ನಿನ್ನ ಸಾಲು ಮೂಡಿದೆಯೇ ನೋಡುತ್ತೇನೆ, ಅಲ್ಲಿಯವರೆಗೆ ಯಾರನ್ನೂ ಮುಟ್ಟಗೊಡುವುದಿಲ್ಲ. ನಿನಗೂ ಪೆನ್ನು ಹುಡುಕಲು ಸಮಯ ಬೇಕಲ್ಲ.

ಕಾಯುವುದನ್ನು ನಿನ್ನ ಗುಂಡಿಯಿಂದಲೇ ಕಲಿತವರು ನಾವು. ಕಾಯುತ್ತೇವೆ. ಬರಿಯೋ, ಮೌನೇಶ!