ಲಂಕೆಗೋ ವೈಜಾಗಿಗೋ

ಜೂನ್ 8, ಭಾನುವಾರ

ಇವತ್ತೂ ನಲ್ಲಿಯಲ್ಲಿ ನೀರಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದಿತ್ತು, ದೋಸೆ ಹಾಕಿದೆ. ಮೂರನೆಯ ದೋಸೆ ಕಾವಲಿಯ ಮೇಲಿದ್ದಾಗ ನಾದಿನಿ ಗೋಕಿಲಾ ಫೋನ್. ಅವಳ ಫೋನ್ ಎಂದರೆ ಅರ್ಧ ಗಂಟೆ. ಸ್ಪೀಕರ್‌ಗೆ ಹಾಕಿ ಒಲೆಯ ಪಕ್ಕ ಇಟ್ಟೆ.

ಅವಳ ಗಂಡ ವಸಂತಕುಮಾರ್‌ಗೆ ಆಗಸ್ಟ್‌ನಲ್ಲಿ ಅರವತ್ತು ತುಂಬುತ್ತದೆ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟಿರುವ ಮನುಷ್ಯ. ಮಂಟಪ, ಹೋಮ ಯಾವುದೂ ಬೇಡವಂತೆ, ಎಲ್ಲರೂ ಹಡಗಿನಲ್ಲಿ ಹೋಗೋಣವಂತೆ. ಚೆನ್ನೈಯಿಂದ ಎರಡು ಹಡಗು. ಒಂದು ಲಂಕೆಗೆ, ಐದು ದಿನ. ಇನ್ನೊಂದು ವೈಜಾಗಿಗೆ ಹೋಗಿ ಬರುವುದು, ಮೂರು ದಿನ. ಲಂಕೆಗೆ ಪಾಸ್‌ಪೋರ್ಟ್ ಬೇಕು. ವೈಜಾಗಿಗೆ ಆಧಾರ್ ಸಾಕು. ಹೊರಡುವವರು ಹನ್ನೊಂದು ಜನ. ಪಾಸ್‌ಪೋರ್ಟ್ ಇಲ್ಲದವರು ಇಬ್ಬರು. ನಾವು.

“ಅತ್ತಿಗೆ, ಅಣ್ಣಂಗೆ ಹೇಳಿ ತೆಗೆಸ್ಬಿಡಿ. ಎಲ್ಲಾರ್ಗೂ ಲಂಕೆಗೇ ಆಸೆ. ಜುಲೈ ಇಪ್ಪತ್ತರೊಳಗೆ ಬುಕ್ ಮಾಡ್ಬೇಕು.”

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ವೈಜಾಗೇ ಪೋದುಂ, ಸಾಕು. ಸಮುದ್ರ ಎಲ್ಲಾ ಒಂದೇ ಸಮುದ್ರ. ನೀರೂ ಒಂದೇ, ಉಪ್ಪೂ ಒಂದೇ.”

ಚಟ್ನಿಗೆ ಉಪ್ಪು ಸಾಲದು ಎಂದು ಐದು ನಿಮಿಷದ ಹಿಂದೆ ಬಟ್ಟಲು ತಳ್ಳಿದ ಬಾಯಿ ಅದು.

ಜೂನ್ 12

ವಾಟ್ಸಾಪ್ ಗ್ರೂಪ್ ಬೇರೆ ಶುರುವಾಗಿದೆ. ‘ಕಪ್ಪಲ್ 60’. ಕಪ್ಪಲ್ ಎಂದರೆ ತಮಿಳಿನಲ್ಲಿ ಹಡಗು. ಬೆಳಿಗ್ಗೆ ಎದ್ದರೆ ಹಡಗಿನ ಚಿತ್ರ, ಮಲಗುವಾಗ ಹಡಗಿನ ಚಿತ್ರ. ಈಜುಕೊಳ, ಊಟದ ಹಾಲ್. ಮಗಳು ಕಾರ್ತಿಕಾ ಮದುಕ್ಕರೈಯಿಂದ ವಾಯ್ಸ್ ಮೆಸೇಜ್ ಹಾಕಿದ್ದಾಳೆ — “ಅಪ್ಪಾ, ಒಂದ್ಸಲ ತೆಗೆದ್ರೆ ಹತ್ತು ವರ್ಷ. ಏನು ಕಷ್ಟ ನಿಮಗೆ?”

ಕಷ್ಟ ಏನೆಂದು ಕೇಳಿದರೆ ದಿನಕ್ಕೊಂದು. ಸೋಮವಾರ — ಮೊಣಕಾಲು ನೋವು, ಕ್ಯೂನಲ್ಲಿ ನಿಲ್ಲಲಾಗದು. ಮಂಗಳವಾರ — ನಲವತ್ತು ವರ್ಷ ಮಗ್ಗ ರಿಪೇರಿ ಮಾಡಿ ಬೆರಳಿನ ಗೆರೆ ಸವೆದಿದೆ, ಮೆಷಿನ್ ಹಿಡಿಯುವುದಿಲ್ಲ. ನಿನ್ನೆ — ಫೋಟೋದಲ್ಲಿ ಮುಖ ಚೆನ್ನಾಗಿ ಬರುವುದಿಲ್ಲ. ಅರವತ್ತೊಂದು ವರ್ಷದವರಿಗೆ! ಯಾವ ಹೆಣ್ಣು ನೋಡಬೇಕಾಗಿದೆಯೋ.

ಹೊಸದೇನಲ್ಲ. 2009ರಲ್ಲಿ ಇಥಿಯೋಪಿಯಾದ ಮಿಲ್ಲಿಗೆ ಮಗ್ಗದ ಫಿಟ್ಟರ್ ಬೇಕೆಂದು ಕಂಪನಿಯವರು ಮನೆಗೇ ಬಂದಿದ್ದರು. ಮೂರು ವರ್ಷ, ಇರಲು ಮನೆ. ಸೂಲೂರಿನಲ್ಲಿ ಇವರಿಗಿಂತ ಕೈಗುಣ ಇರುವ ಫಿಟ್ಟರ್ ಇಲ್ಲ ಎಂದು ಯಾರೋ ಹೇಳಿದ್ದರಂತೆ. ಇವರು ಹೇಳಿದ್ದು — “ಅಲ್ಲಿ ಅನ್ನ ಸಿಗಲ್ಲ.” ಅಷ್ಟೇ. ಆ ದಿನ ಸಿಟ್ಟಿಗೆ ನಾನೇ ಇವರಿಗೆ ‘ಕೆರೆ ಆಮೆ’ ಎಂದು ಹೆಸರಿಟ್ಟೆ. ಸೂಲೂರು ಕೆರೆ ಬಿಟ್ಟು ಕದಲದ ಆಮೆ. ಗೋಕಿಲಾ ಹೊಟ್ಟೆ ಹಿಡಿದು ನಕ್ಕಳು. ಹದಿನಾರು ವರ್ಷವಾಯಿತು, ಮೊಮ್ಮಕ್ಕಳಿಗೂ ಗೊತ್ತು.

ಈ ಮನೆಯಲ್ಲಿ ಕನ್ನಡ ಆಡದವರಿಲ್ಲ, ಓದುವವರೂ ಇಲ್ಲ. ಕೊಳ್ಳೇಗಾಲದಿಂದ ಮದುವೆಯಾಗಿ ಈ ತಮಿಳು ಸೀಮೆಗೆ ಬಂದವಳು, ಕನ್ನಡ ಓದಿದವಳು ನಾನೊಬ್ಬಳೇ. ನೋಟ್‌ಬುಕ್ ಟಿವಿ ಮೇಲೆ ಬಿಟ್ಟರೂ ಭಯವಿಲ್ಲ. ಏನು ಬೇಕಾದರೂ ಬೈದು ಬರೆಯಬಹುದು.

ಜೂನ್ 17, ಸಂಜೆ

ತಲೆ ಸಿಡಿಯುತ್ತಿದೆ.

ಒಂಬತ್ತು ದಿನ ಹೇಳಿ ಹೇಳಿ ಇವತ್ತು ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡ್ ಹತ್ತಿರದ್ದು, ಇಲಕ್ಕಿಯಾ ಎಂಬ ಹುಡುಗಿ ನಡೆಸುವುದು. ಆಧಾರ್, ಪ್ಯಾನ್, ವೋಟರ್ ಐಡಿ ಎಲ್ಲ ಜೋಡಿಸಿಟ್ಟೆ. ಅವಳು ಒಂದೊಂದೇ ಓದಿ ಕೇಳುತ್ತಾ ಟೈಪ್ ಮಾಡಿದಳು. ಇನಿಶಿಯಲ್ ಬಿಡಿಸಿ ಬರೆಯಬೇಕಂತೆ. “ಸರ್‌ನೇಮ್ ಏನು?” ಎಂದಳು. “ಅದೆಲ್ಲ ನಮಗೆ ಇಲ್ಲಮ್ಮಾ” ಎಂದರು ಇವರು. ನಗುನಗುತ್ತಲೇ ಇದ್ದರು.

ಆಮೇಲೆ ಅವಳು ಮಾನಿಟರ್ ನೋಡಿಕೊಂಡೇ ತಮಿಳಿನಲ್ಲಿ ಕೇಳಿದಳು — ನಿಮ್ಮ ಮೇಲೆ ಪೊಲೀಸ್ ಕೇಸ್, ಕೋರ್ಟ್ ಕೇಸ್ ಏನಾದರೂ ಇದೆಯಾ ಅಪ್ಪಾ?

ಇವರು ಎದ್ದರು. “ಬಂದ್ಬಿಡ್ತೀನಿ” ಎಂದರು. ಹೊರಗೆ ಬೈಕ್ ಸ್ಟಾರ್ಟ್ ಆದದ್ದು ಕೇಳಿಸಿತು. ಟೀ ಕುಡಿಯಲು ಹೋದರೇನೋ ಎಂದುಕೊಂಡೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಫೋನ್ ಎತ್ತುತ್ತಿಲ್ಲ.

“ಆಂಟಿ, ನಿಮ್ಮದನ್ನಾದರೂ ಹಾಕಲಾ?” ಎಂದಳು ಇಲಕ್ಕಿಯಾ.

“ಹಾಕಮ್ಮಾ” ಎಂದೆ. ಸಿಟ್ಟಿನಲ್ಲೇ.

ನನ್ನದು ಹೋಯಿತು. ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಮನೆಗೆ ಬಂದರೆ ಜಗಲಿಯಲ್ಲಿ ಕುಳಿತು ಕೇಳುತ್ತಾರೆ — “ಟೀ ಇದೆಯಾ?”

ಜೂನ್ 18

ಮಾತಿಲ್ಲ.

ಜೂನ್ 21

ಮಾತಿಲ್ಲ. ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಸದ್ದಿಲ್ಲದೆ ಉಂಡು ತಟ್ಟೆ ತೊಳೆದಿಟ್ಟರು. ಮೂವತ್ತೆರಡು ವರ್ಷದಲ್ಲಿ ತಟ್ಟೆ ತೊಳೆದದ್ದು ಇದೇ ಮೊದಲು. ಏನೋ ಇದೆ.

ಜೂನ್ 25, ಬೆಳಿಗ್ಗೆ 11

ಅಕ್ಕಿ ಆರಿಸುತ್ತಿದ್ದೆ. ಕೆಲಸಕ್ಕೆ ಹೊರಟವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ಸ್ಪ್ಯಾನರ್ ಚೀಲ ಕೆಳಗಿಟ್ಟು ನನ್ನೆದುರು ನೆಲದ ಮೇಲೆ ಕುಳಿತರು.

“ಸಾಂತಿ. ನನ್ನ ಮೇಲೆ ಕೇಸ್ ಇದೆ.”

ನನಗೆ ಅರ್ಥವಾಗಲಿಲ್ಲ. “ಯಾವ ಕೇಸ್ ರೀ? ಬೈಕಿಗೆ ಫೈನ್ ಹಾಕಿದ್ರಾ?”

ಅಲ್ಲ. 97ರಲ್ಲಂತೆ. ಕಾರ್ತಿಕಾಳ ಹೆರಿಗೆಗೆ ನಾನು ತವರಲ್ಲಿದ್ದೆ. ಕೂಲಿ ಏರಿಸಿ ಎಂದು ಇವರೆಲ್ಲ ಮಗ್ಗ ನಿಲ್ಲಿಸಿ ಸೋಮನೂರು ರಸ್ತೆಯಲ್ಲಿ ಕುಳಿತಿದ್ದರು. ಯಾರೋ ಎಸೆದ ಕಲ್ಲಿಗೆ ಬಸ್ಸಿನ ಗಾಜು ಒಡೆಯಿತು. ಪೊಲೀಸರು ಕೈಗೆ ಸಿಕ್ಕ ಮೂವತ್ತು ಜನರನ್ನು ವ್ಯಾನಿಗೆ ಹತ್ತಿಸಿ ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿದರು. ಮಧ್ಯಾಹ್ನ ತಕ್ಕಾಳಿ ಸಾದಂ ಎಂದು ಟೊಮೆಟೊ ಅನ್ನ ಕೊಟ್ಟರು. ಸಂಜೆ ಹೆಸರು, ಅಪ್ಪನ ಹೆಸರು, ವಿಳಾಸ ಬರೆದುಕೊಂಡು ಸೈನ್ ಹಾಕಿಸಿ ಬಿಟ್ಟರು.

“ಆ ಕಾಗದದಲ್ಲಿ ಏನ್ ಬರ್ದಿದ್ರೋ ಗೊತ್ತಿಲ್ಲ. ಓದೋಕೆ ಬಿಡ್ಲಿಲ್ಲ. ಪಾಸ್‌ಪೋರ್ಟ್ ಅಂದ್ರೆ ಪೊಲೀಸ್ ಮನೆಗೆ ಬರ್ತಾರೆ. ಹಳೇದೆಲ್ಲ ತೆಗೀತಾರೆ. ಆಮೇಲೆ ಕರ್ಕೊಂಡು ಹೋದ್ರೆ?”

“ನನಗೆ ಯಾಕೆ ಹೇಳ್ಲಿಲ್ಲ?”

“ನಿಮ್ಮಪ್ಪಂಗೆ ಗೊತ್ತಾದ್ರೆ ನಿನ್ನೂ ಪಿಳ್ಳೆನೂ ಕಳ್ಸ್ತಾ ಇದ್ರಾ? ಆಮೇಲೆ… ಆಮೇಲೆ ಹೇಳೋ ಹೊತ್ತು ತಪ್ಪೋಯ್ತು.”

“ಇಥಿಯೋಪಿಯಾ?”

ತಲೆ ಬಗ್ಗಿಸಿದರು. “ಹೋಗ್ಬೇಕು ಅಂತ ಆಸೆ ಇತ್ತು. ರೊಂಬ ಆಸೆ ಇತ್ತು.”

ಚೀಲ ಎತ್ತಿಕೊಂಡು ಕೆಲಸಕ್ಕೆ ಹೋದರು. ನಾನು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಾ ಕುಳಿತೆ.

ಇಪ್ಪತ್ತೆಂಟು ವರ್ಷ ಒಂದೇ ಮಂಚದಲ್ಲಿ ಮಲಗಿ ಇಷ್ಟು ದೊಡ್ಡದನ್ನು ಬಚ್ಚಿಡುತ್ತಾರೆಯೇ? ಸಿಟ್ಟು ಬರುತ್ತಿದೆ. ಅದಕ್ಕಿಂತ ಹೆಚ್ಚು… ಆಮೆ, ಆಮೆ ಎಂದು ಎಷ್ಟು ಜನರೆದುರು ಹೇಳಿದ್ದೇನೆ. ಕಾರ್ತಿಕಾಳ ಮದುವೆ ಊಟದ ಪಂಕ್ತಿಯಲ್ಲಿ ಬೀಗರೆದುರೂ ಹೇಳಿದೆ. ಇವರೂ ಎಲ್ಲರ ಜೊತೆ ನಗುತ್ತಿದ್ದರು.

ಜೂನ್ 26

ಕೇಳಿದೆ — ಆ ಮೂವತ್ತು ಜನರಲ್ಲಿ ಈಗ ಯಾರಿದ್ದಾರೆ? ನಂಜಪ್ಪನ್ ಇದ್ದಾನಂತೆ, ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದವನು. ಪಟ್ಟಿಯಲ್ಲಿ ಮೊದಲ ಹೆಸರೇ ಅವನದು. ಈಗ ಮಡತ್ತುಕುಳಂನಲ್ಲಿ ಹೆಂಡತಿಯ ಊರಲ್ಲಿ ಹೊಲ ನೋಡಿಕೊಂಡಿದ್ದಾನಂತೆ.

“ಅವನ್ನ ಕೇಳ್ಬಹುದಿತ್ತಲ್ಲ ರೀ, ಕೇಸ್ ಏನಾಯ್ತು ಅಂತ?”

“ಅವನ ಜೊತೆ ಮಾತಾಡಿದ್ರೆ ಪೊಲೀಸ್ ನೋಡ್ತಾರೆ ಅಂತ ಬಿಟ್ಬಿಟ್ಟೆ.”

ಹಣೆ ಚಚ್ಚಿಕೊಂಡೆ. ನಿಜವಾಗಿಯೂ, ಅಂಗೈಯಿಂದ.

ಜೂನ್ 29, ಭಾನುವಾರ

ಪಲ್ಲಡಂ, ಉಡುಮಲೈ, ಮಡತ್ತುಕುಳಂ. ಎರಡು ಬಸ್ ಬದಲಾಯಿಸಿ ಹೋದೆವು. ದಾರಿಯುದ್ದಕ್ಕೂ ಇವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಉಡುಮಲೈಯಲ್ಲಿ ಇಳಿದಾಗ “ವಾಪಸ್ ಹೋಗೋಣ” ಎಂದರು. ತೋಳು ಹಿಡಿದು ಮುಂದಿನ ಬಸ್ಸಿಗೆ ಹತ್ತಿಸಿದೆ.

ನಂಜಪ್ಪನ್ ತೊಟ್ಟಿಯ ಹತ್ತಿರ ಎಮ್ಮೆ ತೊಳೆಯುತ್ತಿದ್ದರು. ಇವರನ್ನು ನೋಡಿ ಪೈಪ್ ಕೈಬಿಟ್ಟರು.

“ಚೆನ್ನಕೇಶವಾ? ದಾರಿ ತಪ್ಪಿ ಬಂದ್ಯಾ?”

ಇವರು ನಿಂತಲ್ಲೇ ನಿಂತರು. ಕಾಫಿ ಬರುವ ತನಕ ಹವಾಮಾನ, ತೆಂಗಿನ ಕಾಯಿಲೆ, ಎಮ್ಮೆ ಹಾಲು. ನನಗೆ ತಡೆಯಲಾಗಲಿಲ್ಲ. ನಾನೇ ಕೇಳಿದೆ — ಆ ಕೇಸ್ ಏನಾಯಿತು?

“ಯಾವ ಕೇಸ್?”

ಹೇಳಿದೆ. ನಂಜಪ್ಪನ್ ಮೊದಲು ನಕ್ಕರು. ಹತ್ತೇ ದಿನದಲ್ಲಿ ಕೂಲಿ ಮಾತುಕತೆ ಮುಗಿದು ಎಲ್ಲ ರಾಜಿಯಾಯಿತಂತೆ. ಕೇಸೇ ಹಾಕಲಿಲ್ಲವಂತೆ. ಸಂಘದವರು ಸಭೆ ಕರೆದು ಹೇಳಿದ್ದರಂತೆ. ಇವರು ಆ ಸಭೆಗೂ ಹೋಗಿರಲಿಲ್ಲ, ಹೆದರಿ. ನಂಜಪ್ಪನ್ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಪಾಸ್‌ಪೋರ್ಟ್. 2011ರಲ್ಲಿ ಹೆಂಡತಿ ಜೊತೆ ಮಲೇಷ್ಯಾಕ್ಕೆ ಹೋಗಿ ಮುರುಗನ್ ದರ್ಶನ ಮಾಡಿ ಬಂದಿದ್ದಾರೆ!

ಇವರು ಆ ಪುಸ್ತಕವನ್ನು ತೆರೆದು ಸೀಲು ನೋಡಿದರು. ಮುಚ್ಚಿದರು. ಮತ್ತೆ ತೆರೆದರು.

ಆಗ ನಂಜಪ್ಪನ್ ನಗು ನಿಲ್ಲಿಸಿದರು. “ಬೀದೀಲಿ ಎದುರಿಗೆ ಬಂದ್ರೆ ಆ ಕಡೆ ತಿರುಗಿ ಹೋಗ್ತಿದ್ದೆ ನೀನು. ನಾನೇನ್ ತಪ್ಪು ಮಾಡ್ದೆ ಅಂತ ಎಷ್ಟು ದಿನ ಯೋಚ್ನೆ ಮಾಡಿದ್ದೀನಿ ಗೊತ್ತಾ? ನನ್ನ ಮಗಳ ಮದುವೆ ಪತ್ರಿಕೆ ನಾನೇ ತಂದು ಕೊಟ್ಟೆ. ಬರ್ಲಿಲ್ಲ ನೀನು.”

ಇವರು ಪುಸ್ತಕ ಕೆಳಗಿಟ್ಟರು. ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದು ಹೊಲದ ಕಡೆ ನಡೆದರು. ನಾನೂ ಅವರ ಹೆಂಡತಿಯೂ ಹುರುಳಿ ಆರಿಸುತ್ತಾ ಕುಳಿತೆವು. ಒಂದೂವರೆ ಗಂಟೆ ಬರಲೇ ಇಲ್ಲ. ಸಂಜೆಯ ಬಸ್ ತಪ್ಪಿತು. ಈ ಸಲ ನಾನು ಬೈಯಲಿಲ್ಲ.

ಜುಲೈ 3

ಇಲಕ್ಕಿಯಾ ಅದೇ ಪ್ರಶ್ನೆ ಕೇಳಿದಳು. ಇವರು ಕುರ್ಚಿಯ ಅಂಚು ಹಿಡಿದುಕೊಂಡು “ಇಲ್ಲಮ್ಮಾ” ಎಂದರು. ಫಾರ್ಮ್ ಹೋಯಿತು.

ಗ್ರೂಪಿನಲ್ಲಿ ಗೋಕಿಲಾ ಬರೆದಿದ್ದಾಳೆ — ಆಮೆ ಹೊರಟಿತಾ? ಜೊತೆಗೆ ನಗುವ ಮುಖ ನಾಲ್ಕು. ಫೋನ್ ಮಾಡಿ, ಇನ್ನು ಮೇಲೆ ಆ ಮಾತು ಬೇಡ ಎಂದೆ.

“ಅದನ್ನ ಕಲ್ಸಿದ್ದೇ ನೀವಲ್ವಾ ಅತ್ತಿಗೆ?”

“ಹೌದು. ನಾನೇ. ಅದಕ್ಕೇ ಹೇಳ್ತಾ ಇದ್ದೀನಿ.”

ಜುಲೈ 9

ಅವಿನಾಶಿ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರ. ಇಬ್ಬರಿಗೂ ಒಂದೇ ದಿನ. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ಬಂದರೆ, ಬಿಳಿ ಶರ್ಟ್‌ಗೆ ಫೋಟೋ ಸರಿಯಾಗಿ ಬರುವುದಿಲ್ಲ ಎಂದರು. ಹೊರಗೆ ಓಡಿದೆ. ಆಟೋ ಡ್ರೈವರ್ ಒಬ್ಬರು ತಮ್ಮ ನೀಲಿ ಅಂಗಿ ಬಿಚ್ಚಿ ಕೊಟ್ಟರು, ಪುಣ್ಯಾತ್ಮ. ಬೆರಳಿನ ಗೆರೆ ನಾಲ್ಕನೆಯ ಸಲಕ್ಕೆ ಹಿಡಿಯಿತು. ಅಂತೂ ಆ ಒಂದು ನೆಪ ನಿಜವಾಗಿತ್ತು.

ಜುಲೈ 16, ಮಧ್ಯಾಹ್ನ 3

ಸ್ಟೇಷನ್ನಿನಿಂದ ಬಂದಿದ್ದರು. ಶಕ್ತಿವೇಲ್ ಎಂಬ ಕಾನ್‌ಸ್ಟೇಬಲ್. ನಮ್ಮ ಕಾರ್ತಿಕಾಗಿಂತ ಚಿಕ್ಕವನು. ಮರ್ಯಾದೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಬಂದ. ಬೆಳಿಗ್ಗೆಯಿಂದ ಇವರಿಗೆ ಪಾಠ ಹೇಳಿಕೊಟ್ಟಿದ್ದೆ — ಕೇಳಿದ್ದಕ್ಕೆ ಮಾತ್ರ ಉತ್ತರ. ಒಂದು ಮಾತೂ ಹೆಚ್ಚು ಬೇಡ.

ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಏನು ಕೆಲಸ, ಪಕ್ಕದ ಮನೆಯವರು ಯಾರು. ಎಲ್ಲ ಸರಿಯಾಗಿ ಹೇಳಿದರು. ಆತ ಕಾಫಿ ಮುಗಿಸಿ ಎದ್ದ. ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

“ತಂಬಿ, ಒಂದು ನಿಮಿಷ” ಎಂದರು ಇವರು.

ಎಲ್ಲ ಹೇಳಿದರು! 97, ರಸ್ತೆ, ಕಲ್ಲು, ಮಂಟಪ, ಸೈನ್. ನಾನು ಹಿಂದಿನಿಂದ ಶರ್ಟ್ ಎಳೆದೆ, ನಿಲ್ಲಲಿಲ್ಲ. ಬೆವರುತ್ತಿದ್ದರು. ಆದರೆ ತಲೆ ಎತ್ತಿಯೇ ಹೇಳಿದರು.

ಆ ಹುಡುಗ ಮತ್ತೆ ಕುಳಿತ. ಆಮೇಲೆ ತಮಿಳಿನಲ್ಲಿ ಹೇಳಿದ — ಆ ವರ್ಷ ನಾನು ಹುಟ್ಟಿರಲೇ ಇಲ್ಲ ಅಯ್ಯಾ. ಸ್ಟೇಷನ್ನಿನಲ್ಲಿ ನೋಡಿಕೊಂಡೇ ಬಂದೆ. ನಿಮ್ಮ ಹೆಸರಲ್ಲಿ ಏನೂ ಇಲ್ಲ. ನಮ್ಮ ತಾತನೂ ಮಗ್ಗದವರೇ.

ಅವನು ಹೋದ ಮೇಲೆ ಕೂಗಾಡಿದೆ. “ಬಾಯಿಗೆ ಬೀಗ ಇಲ್ವಾ ನಿಮಗೆ? ಇಪ್ಪತ್ತೆಂಟು ವರ್ಷ ಸುಮ್ಮನಿದ್ದವ್ರಿಗೆ ಇನ್ನೈದು ನಿಮಿಷ ಇರೋಕಾಗ್ಲಿಲ್ವಾ?”

“ಪೊಲೀಸ್ ಬಾಯಿಂದ್ಲೇ ಕೇಳ್ಬಿಟ್ಟೆ ಸಾಂತಿ” ಎಂದರು. “ಇನ್ನು ನಿದ್ದೆ ಬರತ್ತೆ.”

ಜುಲೈ 20

ಪಾಸ್‌ಪೋರ್ಟ್ ಬರಲಿಲ್ಲ. ಗೋಕಿಲಾ ಸಂಜೆಯ ತನಕ ಕಾದು ವೈಜಾಗಿಗೆ ಬುಕ್ ಮಾಡಿಬಿಟ್ಟಳು. ಗ್ರೂಪಿನಲ್ಲಿ ಎಲ್ಲರೂ ‘ಪರವಾಯಿಲ್ಲ’ ಎಂದು ಹಾಕಿದ್ದಾರೆ. ಒಬ್ಬರಿಗೂ ನಿಜವಾಗಿ ಪರವಾಯಿಲ್ಲ ಅನಿಸಿದಂತೆ ಕಾಣಲಿಲ್ಲ.

ಜುಲೈ 22

ಪೋಸ್ಟ್‌ಮನ್ ತಂದರು. ಎರಡೂ. ಎರಡು ದಿನ ಮುಂಚೆ ಬಂದಿದ್ದರೆ ಏನು ಹೋಗುತ್ತಿತ್ತು!

ಇವರು ಕೈ ತೊಳೆದುಕೊಂಡು ಬಂದು ಕವರ್ ಒಡೆದರು. ನೀಲಿ ಅಂಗಿಯಲ್ಲಿ ಬೇರೆ ಯಾರೋ ಥರ ಇದ್ದಾರೆ. ಅರ್ಧ ಗಂಟೆ ನೋಡಿ ಹೇಳಿದರು — “ಇಷ್ಟು ಕಷ್ಟಪಟ್ಟು ತೆಗೆದು ವೈಜಾಗಿಗೆ ಹೋಗೋದಾ? ಗೋಕಿಲಾಗೆ ಹೇಳು. ಲಂಕೆಗೆ ಬದಲಾಯ್ಸೋಕೆ ಹೇಳು.”

ಸಮುದ್ರ ಎಲ್ಲಾ ಒಂದೇ ಎಂದವರು ಯಾರು ರೀ, ಎಂದು ಕೇಳಿ ಒಳಗೆ ಹೋದೆ. ನಗು ಬಂತು. ತೋರಿಸಿಕೊಳ್ಳಲಿಲ್ಲ.

ಆಗಸ್ಟ್ 14, ಚೆನ್ನೈ ಬಂದರು

ಟಿಕೆಟ್ ಬದಲಾಗಲಿಲ್ಲ, ವೈಜಾಗೇ. ಕೌಂಟರಿನ ಹುಡುಗಿ ಆಧಾರ್ ಕೇಳಿದಳು. ಇವರು ಪಾಸ್‌ಪೋರ್ಟ್ ಕೊಟ್ಟರು. ಇದು ಬೇಡ ಸಾರ್, ಆಧಾರ್ ಸಾಕು ಎಂದಳು. “ಇಲ್ಲಮ್ಮಾ, ಇದನ್ನೇ ನೋಡು” ಎಂದರು. ಹಿಂದೆ ನೂರು ಜನ. ಅವಳು ನೋಡಿದಳು, ಪಾಪ.

ಆಗಸ್ಟ್ 15, ಹಡಗಿನಲ್ಲಿ, ಊಟದ ಹೊತ್ತು

ಸುತ್ತ ನೀರು ಬಿಟ್ಟು ಏನಿಲ್ಲ. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಬೆಳಿಗ್ಗೆ ರೇಲಿಂಗ್ ಹಿಡಿದು ಇಬ್ಬರೂ ಬಹಳ ಹೊತ್ತು ನಿಂತಿದ್ದೆವು, ಮಾತಾಡದೆ.

ಆದರೆ ಹತ್ತು ಗಂಟೆಯಿಂದ ಬಾಯಿ ಮುಚ್ಚಿಲ್ಲ. ಯಾರು ಸಿಕ್ಕರೂ ಕೇಸಿನ ಕಥೆ. ಮೊದಲು ಬ್ಯಾಂಕ್ ಮ್ಯಾನೇಜರ್ ದಂಪತಿಗೆ. ಆಮೇಲೆ ಮಧುರೈನ ಡಾಕ್ಟರಿಗೆ. ಒಂದು ವ್ಯಾನ್ ಪೊಲೀಸ್ ಇದ್ದದ್ದು ಈಗ ನಾಲ್ಕು ಲಾರಿ ಆಗಿದೆ. ಒಂದು ಮಧ್ಯಾಹ್ನ ಇದ್ದದ್ದು ಮೂರು ದಿನ ಆಗಿದೆ. ಪಕ್ಕದ ಟೇಬಲ್ಲಿನಲ್ಲಿ ಈಗ ಹೊಸ ಜನ ಸಿಕ್ಕಿದ್ದಾರೆ. ಗೋಕಿಲಾ ಬಾಯಿ ಬಿಟ್ಟುಕೊಂಡು ಅಣ್ಣನನ್ನೇ ನೋಡುತ್ತಿದ್ದಾಳೆ. ಲಾಠಿ ಚಾರ್ಜ್ ಆಯಿತಂತೆ. ಇದು ಯಾವಾಗ ಆಯಿತು? ಅಂಗಿಯ ತೋಳು ಮಡಚುತ್ತಿದ್ದಾರೆ, ಗಾಯ ತೋರಿಸಲು. ಅಯ್ಯೋ ದೇವರೇ, ಅದು ಶೆಡ್ಡಿನಲ್ಲಿ ಲಾಳಿ ಹಾರಿ ಬಡಿದದ್ದು, ನಾನೇ ಅರಿಶಿನ ಹಚ್ಚಿ ಕಟ್ಟಿದ್ದೆ. ಹೋಗಿ ಪಕ್ಕದಲ್ಲಿ ಕೂರದಿದ್ದರೆ ಈ ಮನುಷ್ಯ ಇನ್ನು ಗುಂಡೇಟೂ ತಿಂದುಬಿಡುತ್ತಾರೆ. ಹೊರಟೆ.